ಉಡಿ ತುಂಬಿ ಹೆಸರು ಕಡಿಸಿದ್ದು

ಇಲ್ಲವ್ವ ರೇಣುಕಾ, ನಿಮ್ಮತ್ತಿ ಹೇಳಿದ್ದು ತಪ್ಪು ಅಂತ ನಾ ಅನ್ನಂಗಿಲ್ಲ. ಆಕಿ ಹೆದರಿಕಿ ಆಕಿಗೆ. ಬಸುರಿ ಹೆಣ್ಮಗಳು ಊರ ರೇಷನ್ ಕಾರ್ಡಿನ್ಯಾಗಿನ ಹೆಸರು ಕಡಿಸಬಾರ್ದು, ಹೆರಿಗಿ ಆಗ್ಲಿ, ಆಮ್ಯಾಲೆ ನೋಡಾನು ಅಂತ ಫೋನಿನ್ಯಾಗ ಅಂದ್ಳಲ್ಲ, ನನಗೂ ಕೇಳಿಸ್ತು. ಬೇಕಂತ ಕೇಳ್ಲಿಲ್ಲ. ನಿಮ್ಮ ಖೋಲಿಗೂ ನಮ್ಮ ಖೋಲಿಗೂ ಒಂದೇ ಗ್ವಾಡಿ. ಈ ಕಡಿ ಮಾತಾಡೋರು ಯಾರೂ ಇಲ್ಲ, ಹಂಗಾಗಿ ಆ ಕಡಿದೆಲ್ಲ ಕೇಳಸ್ತೈತಿ. ಕುಂದ್ರು. ಕಟ್ಟಿ ಮ್ಯಾಲೆ ನೆಳ್ಳೈತಿ. ನಿನ್ನ ಗಂಡ ಮಿಲ್ಲಿನಿಂದ ಬರಾಕ ಇನ್ನೂ ಹೊತ್ತೈತಿ. ಒಂದು ಮಾತು ಹೇಳ್ತೀನಿ. ಒಂದು ಅಂತೀನಿ, ಉದ್ದ ಆಗ್ತೈತಿ. ನಾ ಮಾತಾಡೋದು ನಿಧಾನ. ಮೊದಲಿಂದ್ಲೂ ಹಂಗ. ಮಾತೆಲ್ಲ ಆಕಿನೇ ಆಡ್ತಿದ್ಳು.

ಆಕಿ ಅಂದ್ರ ನನ್ನ ಹೆಂಡ್ತಿ, ಹಂಪಮ್ಮ. ನೀ ನೋಡಿಲ್ಲ. ನೀವು ಮಾನ್ವಿ ಕಡಿಂದ ಬರೋಕಿಂತ ಮೊದ್ಲ ಹೋದ್ಳು. ನಾವೂ ನಿಮ್ಮಂಗ ಆಚಿ ರಾಜ್ಯದಿಂದ ಬಂದೋರೇ. ಸಿರುಗುಪ್ಪ ಕಡಿ, ಹೊಳಿ ದಂಡಿ ಊರು. ನೆಲ್ಲು ಹಚ್ಚೋದು, ನೆಲ್ಲು ಕೊಯ್ಯೋದು, ಅದೇ ಕೂಲಿ. ಕೊಯ್ಯಾಕ ಮಿಷನ್ ಬಂತು, ಆಮ್ಯಾಲೆ ಹಚ್ಚಾಕೂ ಬಂತು. ನಮ್ಮ ಮಗಳ್ನ ಇಲ್ಲೇ ಆಂಧ್ರದ ಮದ್ದಿಕೇರಕ್ಕ ಕೊಟ್ಟಿದ್ವಿ. ಅಳಿಯ ಅಂದ, ಮಾವಾ, ಆದವಾನ್ಯಾಗ ಹತ್ತಿ ಮಿಲ್ಲು ಭಾಳ ಅದಾವ, ಬರ್ರಿ ಒಂದು ಸುಗ್ಗಿಗೆ. ಬಂದ್ವಿ. ಒಂದು ಸುಗ್ಗಿ ಅಂತ ಬಂದೋರು. ಎರಡು ಚೀಲ, ಒಂದು ಸ್ಟೌವು. ಈ ಖೋಲಿ ಹಿಡಿದ್ವಿ. ಆ ಸುಗ್ಗಿ ಮುಗೀತು, ಮುಂದಿನದು ಬಂತು. ನಾ ಮೊದ್ಲು ಪ್ರೆಸ್ಸಿನ್ಯಾಗ ಹತ್ತಿ ಬೇಲು ಕಟ್ತಿದ್ದೆ, ಸೊಂಟ ಹಿಡ್ಕೊಂಡ ಮ್ಯಾಲೆ ಅದೇ ಮಿಲ್ಲಿನ ಗೇಟಿಗೆ ಕುಂದ್ರಿಸಿದ್ರು. ಹನ್ನೊಂದು ವರ್ಷ ಆತು. ಕಡೀಕಡೀಗೆ ಬಿಟ್ರ, ಅಷ್ಟು ವರ್ಷನೂ ನಾವು ಒಂದು ಸುಗ್ಗಿಗೆ ಬಂದೋರಂಗೇ ಇದ್ವಿ. ಗ್ವಾಡಿಗೆ ಒಂದು ಮೊಳಿ ಹೊಡೀಲಿಲ್ಲ ಅಂದ್ರ ನೋಡು.

ಕಾರ್ಡು ಊರಾಗ ಇತ್ತು. ಆಕಿ ತಿಂಗಳಿಗೊಮ್ಮಿ ಅಕ್ಕಿ ತರಾಕ ಹೋಗ್ತಿದ್ಳು. ಮಿಷನ್ನಿಗೆ ಹೆಬ್ಬಟ್ಟು ಕೊಡಬೇಕಲ್ಲ. ನಾ ಅಂದೆ, ಏ, ಈಗ ಎಲ್ಲಿದ್ರೂ ಅಕ್ಕಿ ಕೊಡ್ತಾರಂತ, ಮಂದಿ ಅಂತಾರ, ಬಸ್ಸಿನ್ಯಾಗ ಯಾಕ ಸಾಯ್ತೀದಿ. ಆಕಿ ಅಂತಾಳ, "ಅಕ್ಕಿ ಸಿಗ್ತೈತ್ರಿ. ನಮ್ಮೂರ ಮಂದಿ ಸಿಗ್ತಾರೇನು ಇಲ್ಲಿ?" ಹೋಗೋಳು. ಡೀಲರ್ ಬಸಣ್ಣನ ಅಂಗಡಿ ಮುಂದ ಪಾಳಿ ಹಚ್ಚೋಳು. ಅಲ್ಲಿ ನಿಂತು ಯಾರು ಹಡದ್ರು, ಯಾರು ಜಗಳಾಡಿದ್ರು, ಯಾರ ಎಮ್ಮಿ ಈದೈತಿ, ಎಲ್ಲಾ ಕೇಳ್ಕೊಂಡು, ಬಸಣ್ಣನ ಹೆಂಡ್ತಿ ಗೌರಮ್ಮನ ಕೂಡ ಚಾ ಕುಡಿದು ಸಂಜಿಗೆ ಬರೋಳು. ಆ ದಿನ ನನಗೆ ಊಟ ತಡ. ಬಂದು ಹೇಳ್ತಿದ್ಳು, ಹೇಳ್ತಿದ್ಳು. ನಾ ಹೂಂ ಅಂತಿದ್ದೆ. ಪೂರಾ ಕೇಳ್ತಿರಲಿಲ್ಲ ಅಂತ ಈಗ ಅನಸ್ತೈತಿ.

ಓಣ್ಯಾಗ ಮಂದಿ ಹೇಳೋರು, ಇಲ್ಲೇ ಕಾರ್ಡು ಮಾಡಿಸ್ರಿ, ಬಿಯ್ಯಂ ಕಾರ್ಡು ಅಂತಾರಲ್ಲ ಇಲ್ಲಿ, ಅದಿದ್ರ ಅಕ್ಕಿ ಅಷ್ಟೇ ಅಲ್ಲ, ದವಾಖಾನಿ, ಪಿಂಚಣಿ ಎಲ್ಲಾಕೂ ಅದನ್ನೇ ಕೇಳ್ತಾರ. ಆದ್ರ ಅಲ್ಲಿ ಹೆಸರು ಕಡಿಸಿ, ಕಡಿಸಿದ ಕಾಗದ ತಂದ್ರ ಇಲ್ಲಿ ಸೇರಸ್ತಾರ. ಎರಡು ಕಡಿ ಇರಂಗಿಲ್ಲ. ಇದನ್ನ ಆಕಿ ಮುಂದ ಅಂದ್ನೋ ಇಲ್ಲೋ, ಎದ್ದು ನಿಂತ್ಳು. "ಕಡಿಸೋದಾ? ನಾ ಏನ್ ಸತ್ತೇನೇನ್ರಿ?" ನಾ ಅಂದೆ, ಸಾಯೋ ಮಾತು ಯಾಕ? ಆಕಿ ಅಂದ್ಳು, "ನಮ್ಮ ಕಾರ್ಡಿನ್ಯಾಗ ಇಲ್ಲೀತನಕ ಎರಡು ಹೆಸರು ಕಡದಾರ. ನಿಮ್ಮವ್ವ ಸತ್ತಾಗ ಬಸಣ್ಣ ಕೆಂಪು ಪೆನ್ನಿಲೆ ಗೀಟು ಹಾಕಿದ. ಮಗಳ್ನ ಕೊಟ್ಟಾಗ ಒಂದು ಗೀಟು ಹಾಕಿದ. ಒಂದು ಸತ್ತೋರಿಗೆ, ಒಂದು ಕೊಟ್ಟ ಹೆಣ್ಣಿಗೆ. ನನಗ ಯಾವ ಗೀಟು?"

ನಾ ಶಾಲಿ ಕಲ್ತಾಂವಲ್ಲ. ಮೂರನೇ ಇಯತ್ತಿ, ಅಲ್ಲ, ಎರಡನೇ ಇಯತ್ತಿಗೇ ಬಿಟ್ಟೆ. ಸುಮ್ನಾದೆ. ಸುಮ್ನಾಗಿದ್ದು ತಪ್ಪಾತು, ರೇಣುಕಾ. ಮೈ ನೆಟ್ಟಗಿತ್ತು ಆಗ. ಆಗ ಮಾಡಿಸಿದ್ರ ಒಂದು ವಾರ ಮುನಿಸ್ಕೊಂಡು ಮರೀತಿದ್ಳು.

ಆಮ್ಯಾಲೆ ಬ್ಯಾನಿ ಬಂತು. ಮೊದ್ಲು ಕಾಲು ಬಾತ್ವು. ಬಿಸಲಿಗೆ ಅಂದ್ವಿ. ಮಾರಿ ಬಾತು. ಉಪ್ಪಿಗೆ ಅಂದ್ವಿ. ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ಡಾಕ್ಟರು ಅಂದ, ಎರಡೂ ಕಿಡ್ನಿ ಕೆಲಸ ಬಿಟ್ಟಾವ, ವಾರಕ್ಕ ಎರಡು ಸಲ ರಕ್ತ ತೊಳೀಬೇಕು ಮಿಷನ್ನಿನ್ಯಾಗ. ಎಷ್ಟು ದಿನಾ ಸಾಹೇಬ್ರ ಅಂದೆ. ಇದ್ದಷ್ಟು ದಿನಾ ಅಂದ. ನಮ್ಮ ಕಾರ್ಡು ಕರ್ನಾಟಕದ್ದು, ಹಂಗಾಗಿ ಬಳ್ಳಾರ್ಯಾಗ ಪುಕಟ್. ಆದವಾನ್ಯಾಗೂ ಆ ಮಿಷನ್ನು ಐತಿ, ನಮ್ಮ ಖೋಲಿಯಿಂದ ಆಟೋಕ್ಕ ಹತ್ತು ನಿಮಿಷ. ಆದ್ರ ಅದು ಈ ಊರ ಕಾರ್ಡು ಇದ್ದೋರಿಗೆ.

ಮಂಗಳವಾರ ಒಮ್ಮಿ, ಶುಕ್ರವಾರ ಒಮ್ಮಿ. ಬೆಳಕು ಹರಿಯೋ ಮೊದ್ಲ ಬಸ್‌ಸ್ಟ್ಯಾಂಡು. ಆಲೂರ ಮ್ಯಾಲೆ ಬಳ್ಳಾರಿ. ಅಲ್ಲಿ ನಾಕು ತಾಸು ಮಿಷನ್ನು. ತಿರುಗಿ ಬಸ್ಸು. ಹೋಗುವಾಗ ನಡೀತಿದ್ಳು, ಬರುವಾಗ ಹಿಂಡಿದ ಅರಬಿ ಇದ್ದಂಗ ಬರ್ತಿದ್ಳು. ಮಿಲ್ಲಿನವರು ನನ್ನ ಗೇಟಿನ ಕೆಲಸ ವಾರಕ್ಕ ಎರಡು ದಿನ ಬ್ಯಾರೇದವರಿಗೆ ಕೊಟ್ರು. ಆಕಿ ಎಡಗೈಯಾಗ ನರ ಕೂಡಿಸಿದ್ರು, ಸೂಜಿ ಚುಚ್ಚಾಕ. ಅಲ್ಲಿ ಮುಟ್ಟಿದ್ರ ಗುರ್ ಅಂತ ನಡುಗತೈತಿ. ಕಿವಿ ಇಟ್ರ ಸದ್ದು ಕೇಳಸ್ತೈತಿ. ಆಕಿ ಅಂತಿದ್ಳು, "ನಿಮ್ಮ ಮಿಲ್ಲು ನನ್ನ ಕೈಯಾಗ ಬಂದು ಕುಂತೈತಿ ನೋಡ್ರಿ. ಇದಕ್ಕ ಸುಗ್ಗಿ ಮುಗಿಯಂಗಿಲ್ಲ." ನಗ್ತಿದ್ಳು. ನಾ ನಗಲಿಲ್ಲ ಆಗ.

ಒಂದು ಶುಕ್ರವಾರ ಬರುವಾಗ ಆಲೂರಿನ್ಯಾಗ ಬಸ್ಸು ನಿಂತಿತ್ತು. ಆಕಿಗೆ ವಾಂತಿ ಬಂತು, ಕಿಡಕ್ಯಾಗ ತಲಿ ಹಾಕೋಕೂ ಆಗಲಿಲ್ಲ. ಮುಂದ ಕುಂತ ಹೆಣ್ಮಗಳ ಸೀರಿ ಮ್ಯಾಲೆ ಆತು. ಆಕಿ ಕೂಗಾಡಿದ್ಳು. ಕೂಗಾಡ್ಲಿ, ಆಕಿ ಸೀರಿ ಹೊಸಾದು. ನಾ ನನ್ನ ಟವಲ್ಲಿಲೆ ಒರಸ್ತಾ ಕುಂತೆ. ಹಂಪಮ್ಮ ಕಣ್ಣು ಮುಚ್ಚಿದ್ಳು. ಬಸ್ಸು ಹೊಂಟ ಮ್ಯಾಲೆ ಸಣ್ಣಾಗಿ ಅಂದ್ಳು, "ನಡೀರಿ, ಕಡಿಸ್ರಿ. ಆದ್ರ ನಾ ಹೇಳಿದಂಗ ಕಡಿಸ್ಬೇಕು." ಹೆಂಗ ಅಂದೆ. "ಸತ್ತೋರ ಗೀಟು ನನಗ ಬ್ಯಾಡ. ಕೊಟ್ಟ ಹೆಣ್ಣಿನ ಗೀಟು ಹಾಕ್ಲಿ. ಉಡಿ ತುಂಬಿ ಕಳಿಸ್ಲಿ."

ಬಸಣ್ಣನ ಅಂಗಡಿಗೆ ಹೋದ್ವಿ. ಸೋಮವಾರ ಇರಬೇಕು. ಅಲ್ಲ, ಸೋಮವಾರ ಅಂಗಡಿ ಮುಚ್ಚಿರ್ತಾನ, ಬುಧವಾರ. ಹೌದು, ಮರುದಿನದ ಮರುದಿನ ಮತ್ತ ಬಳ್ಳಾರಿ ಇತ್ತು. ನಾ ಸಂಗತಿ ಹೇಳ್ದೆ. ಬಸಣ್ಣ ನಕ್ಕ. "ಅಯ್ಯ ಅಕ್ಕಾ, ಈಗ ಪೆನ್ನೂ ಇಲ್ಲ ಗೀಟೂ ಇಲ್ಲ. ಎಲ್ಲಾ ಕಂಪ್ಯೂಟರು. ನೀ ಹೆಬ್ಬಟ್ಟು ಕೊಡು, ನಾ ಅರ್ಜಿ ಹಾಕ್ತೀನಿ, ತಾಲೂಕಾಪೀಸಿನ್ಯಾಗ ತಗೀತಾರ, ಮುಗೀತು." ಹಂಪಮ್ಮ ಕೈ ಸೆರಗಿನ್ಯಾಗ ಮುಚ್ಕೊಂಡ್ಳು. "ಹಂಗಾರ ಕೊಡಂಗಿಲ್ಲ. ಗೌರಮ್ಮನ್ನ ಕರಿ." ಪಾಳ್ಯಾಗ ಇದ್ದ ಮಂದಿ, "ಏನಬೇ ಹಂಪಮ್ಮ, ಈ ವಯಸ್ಸಿನ್ಯಾಗ ಮದುವಿ ಹೆಣ್ಣೇನು ನೀ?" ಅಂತ ಚಾಷ್ಟಿ ಮಾಡಾಕ ಹತ್ತಿದ್ರು. "ಹೂಂನ್ಯಾ," ಅಂದ್ಳು, "ಗಂಡ ಅವನೇ, ಊರು ಬ್ಯಾರೆ."

ಗೌರಮ್ಮ ಬಂದ್ಳು. ಹಂಪಮ್ಮ ಆಕಿ ಕಿವ್ಯಾಗ ಏನೋ ಅಂದ್ಳು. ಗೌರಮ್ಮ ಗಂಡಗ, "ನೀ ಸುಮ್ನಿರು, ನಿನಗ ತಿಳಿಯಂಗಿಲ್ಲ," ಅಂತ ಬೈದು ಒಳಗ ಹೋದ್ಳು. ಅಂಗಡಿ ಮುಂದ, ಆ ಅಕ್ಕಿ ಚೀಲದ ನಡುವಿನ್ಯಾಗ, ಒಂದು ಮಣಿ ಹಾಕಿದ್ರು. ಪಾಳ್ಯಾಗಿನ ಐದು ಮಂದಿ ಮುತ್ತೈದೇರು ಪಾಳಿ ಬಿಟ್ಟು ಬಂದ್ರು. ನಕ್ಕೋರೇ ಬಂದ್ರು. ಅರಿಷಿಣ, ಕುಂಕುಮ ಹಚ್ಚಿದ್ರು. ಹಸರು ಬಳಿ ಬಲಗೈಗೆ ಅಷ್ಟೇ ಇಟ್ರು, ಎಡಗೈಗೆ ಬಳಿ ಬ್ಯಾಡ ಅಂತ ಡಾಕ್ಟರು ಹೇಳಿದ್ದ. ಅವತ್ತಿನ ನಮ್ಮ ಕಾರ್ಡಿನ ಅಕ್ಕಿ, ಅದೇ ಕಡೀದು, ಅದರಾಗ ಐದೈದು ಹಿಡಿ ಉಡ್ಯಾಗ ಹಾಕಿದ್ರು. ಒಂದು ಕೊಬ್ರಿ ಬಟ್ಲು, ಎಲಿ ಅಡಿಕಿ, ಒಂದು ಕುಬಸದ ಬಟ್ಟಿ. ಗೌರಮ್ಮ ಅಂದ್ಳು, "ಹೋಗಿ ಬಾರವ್ವ. ಹೋದ ಮನಿ ಬೆಳಗು." ಅಳಾಕ ಹತ್ತಿದ್ಳು ಆಕಿ. ಹಂಪಮ್ಮ ಅಳ್ಲಿಲ್ಲ. ಉಡಿ ಕಟ್ಕೊಂಡು ಎದ್ದು, ಹೆಬ್ಬಟ್ಟು ಚಾಚಿ, "ಈಗ ಕಡಿ," ಅಂದ್ಳು. ಬಸಣ್ಣ ಮಿಷನ್ನು ಮುಂದ ಸರಿಸಿದ. ನಾನೂ ಕೊಟ್ಟೆ ಹೆಬ್ಬಟ್ಟು. ನನ್ನ ಉಡಿ ಯಾರೂ ತುಂಬಲಿಲ್ಲ.

ಇಲ್ಲೀತನಕ ಆಕಿ ಮಾಡಿದ್ದು. ಇಲ್ಲಿಂದ ಮುಂದ ನಾ ಮಾಡಿದ್ದು, ತಪ್ಪು ಮಾಡಿದ್ದು. ಇದನ್ನ ಸರಿಯಾಗಿ ಕೇಳವ್ವ. ತಾಲೂಕಾಪೀಸಿನಿಂದ ಕಡಿಸಿದ ಕಾಗದ ಬಂದ ದಿನ ನಾ ಹಿಗ್ಗಿ ಇಲ್ಲಿ ಸಚಿವಾಲಯಕ್ಕ ಹೋದೆ, ಅದೇ ನಮ್ಮ ವಾರ್ಡಿನ ಆಫೀಸು, ನೀ ನಿನ್ನೆ ಹೋಗಿದ್ಯಲ್ಲ, ಅದು. ಅಲ್ಲಿ ಒಂದು ಕನ್ನಡಕದ ಹುಡುಗಿ. ತೆಲುಗಿನಾಕಿ, ನನ್ನ ತಾತಾ ಅಂತಾಳ. ಕಾಗದ ನೋಡಿದ್ಳು. "ತಾತಾ, ಇದಿ ಸರೇ. ಆಧಾರ್ ಏದಿ?" ಕೊಟ್ಟೆ. "ಅಯ್ಯೋ ತಾತಾ, ಆಧಾರಿನ್ಯಾಗ ಇನ್ನೂ ಕರ್ನಾಟಕ ಅಡ್ರಸ್ಸೇ ಐತಿ. ಮೊದ್ಲು ಅದು ಬದಲಾಗಬೇಕು. ಅದಕ್ಕ ಇಲ್ಲಿ ಇರೋ ಪುರಾವಿ ಬೇಕು, ಮನಿ ಓನರ್ ಕಾಗದ, ಕರೆಂಟ್ ಬಿಲ್ಲು. ಅದು ಬದಲಾದ ಮ್ಯಾಲೆ ಇಲ್ಲಿ ಮನಿ ಲೆಕ್ಕದಾಗ ನಿಮ್ಮಿಬ್ಬರ್ನ ಸೇರಸ್ತೀವಿ, ಆಮ್ಯಾಲೆ ಕಾರ್ಡಿಗೆ ಅರ್ಜಿ. ಇದೆಲ್ಲಾ ತಯಾರ್ ಮಾಡ್ಕೊಂಡು ಕಡೀಗೆ ಅಲ್ಲಿ ತಗಸ್ಬೇಕಿತ್ತು. ಮುಂದೇ ಅಡಗಾಲ್ಸಿಂದಿ ಕದಾ ತಾತಾ!" ಮೊದ್ಲು ಕೇಳ್ಬೇಕಿತ್ತಲ್ಲ ಅಂತಾಳ. ಕೇಳ್ಬೇಕಿತ್ತು. ಅಷ್ಟು ವರ್ಷ ಸುಮ್ಮ ಇದ್ದಾಂವ ಒಂದು ವಾರದಾಗ ಅವಸರ ಮಾಡಿದೆ. ಶುಕ್ರವಾರ ಬಳ್ಳಾರಿಗೆ ಹೋದ್ರ ಅಲ್ಲಿ ಕಂಪ್ಯೂಟರಿನ್ಯಾಗ ಆಕಿ ಇಲ್ಲ. ಇಲ್ಲಿ ಇನ್ನೂ ಬಂದಿಲ್ಲ. ನನ್ನ ಹೆಂಡ್ತಿ ಬಸ್ಸಿನ್ಯಾಗ ಕುಂತಾಳ, ಉಸುರಾಡ್ತಾಳ, ಯಾವ ರಾಜ್ಯದಾಗೂ ಇಲ್ಲ.

ಕಾಡಿ ಬೇಡಿ, ಕೈಯಾಗಿದ್ದುದು ಕೊಟ್ಟು, ಹೆಂಗೋ ವಾರಕ್ಕೊಮ್ಮಿ ರಕ್ತ ತೊಳಿಸಿದ್ವಿ. ಎರಡು ಸಲ ಬೇಕು, ಒಂದು ಸಲ ಆತು. ನೀರು ಲೋಟದಾಗ ಅಳದು ಕೊಡ್ತಿದ್ದೆ. ಆದ್ರೂ ಬಾತ್ಳು. ಮಲಗಿದ್ರ ಉಸುರು ಹತ್ತತಿತ್ತು, ಗ್ವಾಡಿಗೆ ಆನಿಸಿ ಕುಂದ್ರಿಸ್ತಿದ್ದೆ. ನೀ ಈಗ ಅಕ್ಕಿ ಡಬ್ಬಿ ಇಟ್ಟೀಯಲ್ಲ, ಅದರ ಹಿಂದಿನ ಗ್ವಾಡಿ. ಆ ವಾರಗಳಾಗೇ ಆಕಿ ಎದಿ ಸೋತಿತು ಅಂತ ಆಮ್ಯಾಲೆ ಡಾಕ್ಟರು ಹೇಳಿದ. ಅದು ನನ್ನ ತಲಿ ಮ್ಯಾಲೆ ಐತಿ. ಯಾರೂ ಅನ್ನಲಿಲ್ಲ. ಮಗಳೂ ಅನ್ನಲಿಲ್ಲ.

ಮನಿ ಓನರ್ ನಾಗರತ್ನಮ್ಮ ಗೊತ್ತಲ್ಲ, ಮುಂದಿನ ಮನ್ಯಾಗ ಇರೋಕಿ. ಕಾಗದ ಬರದು ಕೊಡ್ರಿ ಅಂದ್ರ ಕೊಡ್ಲಿಲ್ಲ. "ಬಾಡಿಗಿಗೆ ಇರ್ರಿ, ಬ್ಯಾಡನ್ನಂಗಿಲ್ಲ. ಕಾಗದ ಗೀಗದ ಬ್ಯಾಡ. ಇವತ್ತು ಈ ಅಡ್ರಸ್ಸಿನ್ಯಾಗ ಇದೀನಿ ಅಂತೀರಿ, ನಾಳಿ ಈ ಮನಿ ನಂದು ಅಂತೀರಿ." ನಾ ಎರಡು ಸಲ ಹೋಗಿ ಬಂದೆ. ನನಗ ಬೇಡಾಕ ಬರಂಗಿಲ್ಲ. ಮೂರನೇ ಸಲ ಆಕಿ ತಾನೇ ಎದ್ದು ಹೊಂಟ್ಳು. ಬ್ಯಾಡ ಅಂದೆ. ಗ್ವಾಡಿ ಹಿಡ್ಕೊಂಡು, ನಿಂತು ನಿಂತು ಹೋಗಿ, ನಾಗರತ್ನಮ್ಮನ ಹೊಸ್ತಿಲ ಹೊರಗ ಕುಂತ್ಳು. "ಏನಮ್ಮಾ ಹಂಪಮ್ಮ, ಒಂಟ್ಲೋ ಬಾಗಲೇದಂಟಾರು, ಮೈಯಾಗ ಆರಾಮಿಲ್ಲಂತ, ಯಾಕ ಬಂದಿ?" ಅಂದ್ಳು ಆಕಿ. ಹಂಪಮ್ಮ ಎಡಗೈ ಚಾಚಿದ್ಳು. "ಇಲ್ಲಿ ಮುಟ್ಟಿ ನೋಡ್ರಿ ಅಮ್ಮಾ." ನಾಗರತ್ನಮ್ಮ ಮುಟ್ಟಿ ಬೆಂಕಿ ಮುಟ್ಟಿದಂಗ ಕೈ ತಗದ್ಳು. "ಅಯ್ಯೋ ದೇವುಡಾ! ಇದೇಂದೇ ಗುರ್ರುಮಂಟೋಂದಿ!" ಹಂಪಮ್ಮ ಅಂದ್ಳು, "ಇದು ಸದ್ದು ಮಾಡೋತನಕ ನಾ ಇರ್ತೀನಂತ. ಎಷ್ಟು ದಿನಾ ಮಾಡ್ತೈತೋ ದೇವರಿಗೇ ಗೊತ್ತು. ನಿಮ್ಮ ಮನಿ ಒಯ್ದು ಎಲ್ಲಿ ಇಡ್ಲಿ ಅಮ್ಮಾ ನಾನು? ನನಗ ಅದೇ ಒಂದು ಖೋಲಿ ಗುಡಿಸಾಕ ಆಗವಲ್ದು." ನಾಗರತ್ನಮ್ಮ ಆಮ್ಯಾಲೆ ಒಳಗ ಹೋಗಿ ಕರೆಂಟ್ ಬಿಲ್ಲು ತಂದ್ಳು, ಚಸ್ಮಾ ಹಾಕ್ಕೊಂಡು ಬರೀಲೇನು ಅಂದ್ಳು. ಚಾನೂ ಕೊಡಾಕ ಬಂದ್ಳು. ಹಂಪಮ್ಮ ಅರ್ಧ ಬಟ್ಲು ಸಾಕು ಅಂದ್ಳು, ನೀರಿನ ಲೆಕ್ಕ.

ಆಧಾರ ಬದಲಾತು. ಕನ್ನಡಕದ ಹುಡುಗಿ ತಾನೇ ಖೋಲಿಗೆ ಬಂದು ಫೋನಿನ್ಯಾಗ ಫೋಟೋ ಹೊಡಕೊಂಡು ಮನಿ ಲೆಕ್ಕದಾಗ ಸೇರಿಸಿದ್ಳು, ಆಕಿ ಕುಂತಲ್ಲೇ ಹೆಬ್ಬಟ್ಟು ತಗೊಂಡ್ಳು. ಕಾರ್ಡು ಬರೋದಕ್ಕ ತಡ ಆಗ್ತೈತಿ ತಾತಾ, ನಾ ನೆನಪು ಮಾಡ್ತಿರ್ತೀನಿ ಅಂದ್ಳು. ಮಾಡಿದ್ಳು. ಒಂದು ದಿನ ಕಾರ್ಡು ಬಂತು. ಎರಡು ಹೆಸರು. ತೆಲುಗಿನ್ಯಾಗ ಐತಿ, ಓದಾಕ ಬರಂಗಿಲ್ಲ ಇಬ್ಬರಿಗೂ. ಆಕಿ ಕೇಳಿದ್ಳು, "ಇದರಾಗ ನಾ ಯಾವುದು?" ಹುಡುಗಿ ಬೆರಳಿಟ್ಟು ತೋರಿಸಿದ್ಳು. ಆಕಿ ಅದರ ಮ್ಯಾಲೆ ಕೈ ಆಡಿಸಿ, "ಉದ್ದ ಐತಿ, ಚಂದ ಐತಿ" ಅಂದ್ಳು.

ಎಂಟು ತಿಂಗಳು ಈ ಊರಾಗ ರಕ್ತ ತೊಳಿಸ್ಕೊಂಡ್ಳು. ಎಂಟು ತಿಂಗಳು ಅಂದ್ರ ಸಣ್ಣದಲ್ಲ. ಮುಂಜಾನಿ ಆಟೋದಾಗ ಹೋದ್ರ ಮಧ್ಯಾಹ್ನ ಊಟದ ಹೊತ್ತಿಗೆ ಮನ್ಯಾಗ. ಈ ಕಟ್ಟಿ ಮ್ಯಾಲೆ ಕುಂತು ನಾಗರತ್ನಮ್ಮನ ಕೂಡ ತೆಲುಗಿನ್ಯಾಗ ಜಗಳಾಡೋದು ಕಲಿತ್ಳು. ಗ್ವಾಡಿಗೆ ಮೊಳಿ ಹೊಡಿ ಅಂದ್ಳು ನನಗ. ಹೊಡದೆ. ನನ್ನ ಅಂಗಿ, ಆಕಿ ಚೀಲ. ಹನ್ನೊಂದು ವರ್ಷದಾಗ ನಾವು ಸಂಸಾರ ಮಾಡಿದ್ದು ಆ ಎಂಟು ತಿಂಗಳೇ ಅನಸ್ತೈತಿ ನನಗ. ಒಮ್ಮೊಮ್ಮೆ ಲೆಕ್ಕ ಹಾಕ್ತೀನಿ, ಆ ವಾರಗಳು ತಪ್ಪಿರಲಿಲ್ಲ ಅಂದ್ರ ಎಂಟು ಎಷ್ಟು ಆಗ್ತಿತ್ತು ಅಂತ. ಲೆಕ್ಕ ಬರಂಗಿಲ್ಲ.

ಒಂದು ಮುಂಜಾನಿ ಚಾ ಮಾಡಿ ತಲಿ ಹತ್ತಿರ ಇಟ್ಟೆ. ಏಳ್ಲಿಲ್ಲ. ಕೈಗೆ ಕಿವಿ ಇಟ್ಟೆ. ಸದ್ದಿರಲಿಲ್ಲ.

ಊರಿಂದ ಆಕಿ ತಮ್ಮ ಫೋನ್ ಮಾಡಿದ, "ಮಾವಾ, ಗಾಡಿ ಮಾಡ್ಕೊಂಡು ಊರಿಗೆ ತರ್ರಿ, ನಮ್ಮ ಹೊಲದಾಗ ಇಡಾನು." ಮಗಳೂ ಹಂಗೇ ಅಂದ್ಳು. ನನಗೂ ಹಂಗೇ ಅನಸ್ತಿತ್ತು. ಆದ್ರ ಆಕಿ ಹೇಳಿದ್ಳು, ಆ ಕಾರ್ಡು ಬಂದ ದಿನಾನೇ ಹೇಳಿದ್ಳು, "ಕೊಟ್ಟ ಹೆಣ್ಣಿನ್ನ ತವರಾಗ ಇಡಂಗಿಲ್ಲ. ನನ್ನ ಉಡಿ ತುಂಬಿ ಕಳಿಸ್ಯಾರ." ಇಲ್ಲೇ ಇಟ್ವಿ. ಮಿಲ್ಲಿನ ಹಮಾಲರು ನಾಕು ಮಂದಿ ಬಂದ್ರು, ಓಣಿ ಮಂದಿ ಬಂದ್ರು. ಮುತ್ತೈದಿ ಆಗಿ ಹೋದ್ಳು ಅಂತ ನಾಗರತ್ನಮ್ಮ ಹೂವು, ಕುಂಕುಮ ತಂದು ತಾನೇ ಹಚ್ಚಿದ್ಳು. ಎರಡೂ ಕೈಗೆ ಬಳಿ ಇಟ್ಳು. ಈಗ ಬ್ಯಾಡನ್ನೋ ಡಾಕ್ಟರು ಇಲ್ಲ ಅಂದ್ಳು.

ಮಗಳು ಮದ್ದಿಕೇರಕ್ಕ ಬಾ ಅಂತಾಳ. ಹೋಗ್ತೀನಿ, ಎರಡು ದಿನ ಇರ್ತೀನಿ, ಬರ್ತೀನಿ. ಮಂಗಳವಾರ, ಶುಕ್ರವಾರ ಈಗ್ಲೂ ಆಸ್ಪತ್ರಿ ಕಡಿ ನಡಕೊಂಡು ಹೋಗಿ ಬರ್ತೀನಿ. ಕೆಲಸ ಏನೂ ಇಲ್ಲ. ಹೊರಗಿನ ಬೆಂಚಿನ ಮ್ಯಾಲೆ ಕುಂದ್ರೋದು, ಎದ್ದು ಬರೋದು. ಅಲ್ಲಿಯ ಆಯಾ, "ಏಮಿ ತಾತಾ, ಮಳ್ಳೀ ವಚ್ಚಾವಾ?" ಅಂತಾಳ. ಹೂಂ, ಮತ್ತ ಬಂದೆ ಅಂತೀನಿ. ದಿನದಾಗ ನಾನು ಆಡೋ ಮಾತು ಅಷ್ಟೇ ಇರ್ತೈತಿ ಒಮ್ಮೊಮ್ಮೆ. ಇವತ್ತು ನಿನ್ನ ಕೂಡ ವರ್ಷದ ಮಾತೆಲ್ಲಾ ಆಡಿಬಿಟ್ಟೆ ನೋಡು.

ಯಾಕವ್ವ, ಕಣ್ಣಾಗ ನೀರು? ಬ್ಯಾಡ, ಹೊಟ್ಯಾಗಿನ ಕೂಸಿಗೆ ಆಗಂಗಿಲ್ಲ. ನಾ ಅಳಸಾಕ ಹೇಳಲಿಲ್ಲ. ನಾಳಿ ಮುಂಜಾನಿ ನಾಗರತ್ನಮ್ಮನ ಹತ್ತಿರ ಹೋಗಾನು, ಕಾಗದ ಬರಸ್ಕೊಳ್ಳಾನು. ಈಗ ಕೊಡ್ತಾಳ. ಆಮ್ಯಾಲೆ ಇಬ್ಬರದೂ ಆಧಾರ ಅಡ್ರಸ್ಸು. ಅದು ಆದ ಮ್ಯಾಲೆ ಕನ್ನಡಕದ ಹುಡುಗೀನ ಕೇಳ್ರಿ, ನಮ್ಮದೆಲ್ಲ ತಯಾರ ಐತೇನವ್ವ, ಈಗ ಅಲ್ಲಿ ತಗಸ್ಬಹುದೇನು ಅಂತ. ಆಕಿ ಹೂಂ ಅಂದ ಮ್ಯಾಲೆ ಮಾನ್ವಿಗೆ ಹೋಗ್ರಿ, ಅದಕಿಂತ ಮೊದ್ಲು ಬ್ಯಾಡ. ಹೆರಿಗಿ ಬ್ಯಾನಿ ಎದ್ದಾಗ ಇವು ಯಾವೂ ಆಗಂಗಿಲ್ಲ. ನಿಮ್ಮತ್ತಿಗೆ ಫೋನ್ ಹಚ್ಚು, ಹೆದರಿಕಿ ಆದ್ರ ಉಡಿ ತುಂಬಿ ಕಳಿಸ್ಲಿ, ನನ್ನ ಕೂಡ ಮಾತಾಡಬೇಕಂದ್ರ ನಾ ಮಾತಾಡ್ತೀನಿ. ಮೈಯಾಗ ಕಸುವಿದ್ದಾಗ ಕಾಗದ ಮಾಡಿಸ್ಕೋಬೇಕವ್ವ, ಮತ್ತ ಇರೋ ಊರಾಗೇ ಮಾಡಿಸ್ಕೋಬೇಕು. ನಾಕು ದಿನ ಇರ್ತೀವಿ ಅಂದ್ರೂ ಅಷ್ಟೇ, ನಲವತ್ತು ವರ್ಷ ಇರ್ತೀವಿ ಅಂದ್ರೂ ಅಷ್ಟೇ. ಹೋಗು, ಏನೋ ಸೀದ ವಾಸನಿ ಬರಾಕ ಹತ್ತೈತಿ, ಒಲಿ ಮ್ಯಾಲೆ ಏನಿಟ್ಟು ಬಂದಿ?